ನಾಮಿನಿ ಅಣ್ಣ, ನೋಡಿಕೊಂಡ ತಂಗಿ: ಡೊಂಬಿವಲಿಯ ಫ್ಲ್ಯಾಟಿನ ಪ್ರಕರಣ

(ನಾನು ಮಧ್ಯಸ್ಥಿಕೆ ಮಾಡಿದ ಪ್ರಕರಣ; ಗುರುತು ಸಿಗದಂತೆ ವಿವರ ಬದಲಿಸಿದೆ.)

ಫ್ಲ್ಯಾಟು ತಾಯಿಯ ಹೆಸರಿನದು. ತಂದೆ ಮೊದಲೇ ಹೋಗಿದ್ದರು, ತಾಯಿ ವಿಲ್ ಬರೆದಿರಲಿಲ್ಲ. ಹೌಸಿಂಗ್ ಸೊಸೈಟಿಯಲ್ಲಿ ನಾಮಿನಿಯಾಗಿದ್ದದ್ದು ಥಾಣೆಯಲ್ಲಿ ಹೋಟೆಲ್ ನಡೆಸುವ ಅಣ್ಣ. ಹಾಸಿಗೆ ಹಿಡಿದ ತಾಯಿಯ ಜೊತೆ ಆರು ವರ್ಷ ಇದ್ದವಳು ತಂಗಿ. ‘ನಾಮಿನಿ ನಾನು, ಮನೆ ನನ್ನದು’ ಎಂದು ಇವನು. ‘ಹೇಲು ಉಚ್ಚೆ ಬಾಚುವಾಗ ನಾಮಿನಿ ಎಲ್ಲಿದ್ದ?’ ಎಂದು ಅವಳು.

ಮೊದಲು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದ್ದು, ಅಣ್ಣನ ಹೆಂಡತಿ ಮತ್ತು ತಂಗಿಯ ಗಂಡನನ್ನೂ ಸೇರಿಸಿ. ಇಲ್ಲಿ ಒಪ್ಪಿದ್ದು ರಾತ್ರಿ ಊಟದ ಹೊತ್ತಿಗೆ ಮುರಿಯುವುದು ಅವರನ್ನು ಹೊರಗಿಟ್ಟಾಗಲೇ. ನಂತರ ಕಾನೂನನ್ನು ಇಬ್ಬರಿಗೂ ಒಂದೇ ಮಾತಿನಲ್ಲಿ ಹೇಳಿದ್ದಾಯಿತು: ನಾಮಿನಿ ಎಂದರೆ ವಾರಸುದಾರರ ಪರವಾಗಿ ಹಿಡಿದಿಟ್ಟುಕೊಂಡವನು, ಮಾಲೀಕನಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಇಲ್ಲಿ ಮಗ ಮಗಳಿಗೆ ಸಮಪಾಲು. ನೋಡಿಕೊಂಡದ್ದಕ್ಕೆ ಹೆಚ್ಚಿನ ಪಾಲೂ ಇಲ್ಲ. ಇಬ್ಬರ ಮುಖವೂ ಬಾಡಿತು. ಹಾಗಾದದ್ದೇ ಒಳ್ಳೆಯದು.

ಬೆಲೆಯ ಜಗಳಕ್ಕೆ ಮೊದಲು ಬೆಲೆ ಕಟ್ಟುವ ಕ್ರಮವನ್ನು ಒಪ್ಪಿಸಬೇಕು. ಇಬ್ಬರು ಮೌಲ್ಯಮಾಪಕರು, ಅವರ ಸರಾಸರಿ. ಅಂತರ ಶೇಕಡಾ 10 ಮೀರಿದರೆ ಮೂರನೆಯವರು. ಸರಾಸರಿ 62 ಲಕ್ಷ ಬಂತು. ತಂಗಿ ಕಟ್ಟಿದ ಆಸ್ಪತ್ರೆ ಬಿಲ್ಲುಗಳಲ್ಲಿ ರಸೀತಿ ಸಿಕ್ಕಿದ್ದು 4.2 ಲಕ್ಷಕ್ಕೆ; ಅದರ ಅರ್ಧ ಅಣ್ಣನ ತಲೆಗೆ. ಮನೆ ಉಳಿಸಿಕೊಳ್ಳುವ ತಂಗಿ ಕೊಡಬೇಕಾದ್ದು 31ರಿಂದ 2.1 ಕಳೆದು 28.9 ಲಕ್ಷ.

ಆರೈಕೆಗೆ ದಿನಗೂಲಿ ಲೆಕ್ಕ ಹಾಕೋಣವೇ ಎಂದರೆ ತಂಗಿ ಸಿಟ್ಟಾದಳು. ಅವಳು ಕೇಳಿದ್ದು ಒಪ್ಪಂದ ಪತ್ರದ ಮೊದಲ ಸಾಲಿನಲ್ಲಿ ‘ಆರು ವರ್ಷ ತಾಯಿಯನ್ನು ನೋಡಿಕೊಂಡದ್ದು ಮಗಳು’ ಎಂದು ಬರೆಯಬೇಕೆಂದು. ಅಣ್ಣ ಸಹಿ ಹಾಕಲು ಅತಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಈ ಸಾಲಿಗೇ, ಹಣಕ್ಕಲ್ಲ.

ಕೊಟ್ಟ ಸಲಹೆ: ಒಪ್ಪಂದದ ದಿನ 3 ಲಕ್ಷ. ಉಳಿದದ್ದು ಬ್ಯಾಂಕ್ ಡ್ರಾಫ್ಟಿನಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕಸೋಡ್ ಪತ್ರ (ಅಣ್ಣ ತನ್ನ ಪಾಲಿನ ಹಕ್ಕು ಬಿಟ್ಟುಕೊಡುವ ಪತ್ರ) ನೋಂದಣಿಯಾಗುವ ದಿನವೇ. ಸಹಿ ಮುಂಚೆ ಹಣ ಆಮೇಲೆ ಎಂಬುದು ಬೇಡವೇ ಬೇಡ. ಬರೀ ನೋಟರಿ ಸಾಲದು, ನೋಂದಣಿ ಆಗಲೇಬೇಕು. ಹಣ ಪಡೆದು ಹಕ್ಕು ಬಿಡುವುದಾದ್ದರಿಂದ ಮುದ್ರಾಂಕ ಶುಲ್ಕ ಎಷ್ಟು, ಯಾರು ಕಟ್ಟುವುದು ಎಂಬುದನ್ನು ವಕೀಲರಲ್ಲಿ ಕೇಳಿ ಮೊದಲೇ ಬರೆಯಬೇಕು. ತಂಗಿಗೆ ಬ್ಯಾಂಕ್ ಸಾಲ ಮಂಜೂರಾಗಲು 90 ದಿನ, ಒಮ್ಮೆ ಮಾತ್ರ 30 ದಿನದ ವಿಸ್ತರಣೆ. ಅಷ್ಟರಲ್ಲೂ ಆಗದಿದ್ದರೆ ಫ್ಲ್ಯಾಟು ಮಾರಿ, ಬಿಲ್ಲಿನ ಲೆಕ್ಕ ತೀರಿಸಿ, ಉಳಿದದ್ದು ಸಮಪಾಲು. ಈ ಕೊನೆಯ ಷರತ್ತಿಲ್ಲದ ಒಪ್ಪಂದಗಳು ಬ್ಯಾಂಕಿನ ಬಾಗಿಲಲ್ಲೇ ಸಾಯುತ್ತವೆ.

ತಾಯಿಯ ಬಳೆಗಳ ತಕರಾರು ಇನ್ನೂ ಹಾಗೇ ಇದೆ. ಅದನ್ನು ಈ ಪತ್ರಕ್ಕೆ ತರಬೇಡಿ, ನೋಂದಣಿ ಮುಗಿದ ಮೇಲೆ ಬನ್ನಿ ಎಂದು ಇಬ್ಬರಿಗೂ ಹೇಳಿದೆ.