ದರ ಕೇಳಿದ್ರೆ ಏಜೆಂಟ್ ಎಂತದೋ ಹೇಳುತ್ತೆ!

ಪ್ರಶ್ನೆ: ನಮಸ್ಕಾರ ಸರ್. ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಸಾಫ್ಟ್‌ವೇರ್ ನಾನು ನೋಡ್ಕೊಳ್ತೀನಿ. ಮಾಲೀಕರ ಮಗ ಎಐ ಏಜೆಂಟ್ ಬೇಕೇ ಬೇಕು ಅಂತ ಹಠ ಹಿಡಿದ, ಸರಿ ಅಂತ ಒಂದು ಎಂಸಿಪಿ ಸರ್ವರ್ (ಏಜೆಂಟ್ ನಮ್ಮ ಸಾಫ್ಟ್‌ವೇರನ್ನ ಬಳಸೋ ಹಂಗೆ ಮಾಡೋ ಪ್ರೋಗ್ರಾಂ) ಬರೆದು ದರ ನೋಡೋದು, ಸ್ಟಾಕ್ ನೋಡೋದು, ಬಿಲ್ ಮಾಡೋದು ಅಂತ ಟೂಲ್ ಹಾಕಿದೀನಿ. ನಾನೇ ಓಡಿಸಿದ್ರೆ ಎಲ್ಲಾ ಸರಿಯಾಗೇ ಬರುತ್ತೆ. ಏಜೆಂಟ್ ಮಾತ್ರ ದರ ಕೇಳಿದ್ರೆ ಸ್ಟಾಕ್ ಟೂಲ್ ಕರೆಯುತ್ತೆ, ಕೆಜಿ ಹಾಕೋ ಕಡೆ ಕ್ವಿಂಟಾಲ್ ಹಾಕುತ್ತೆ. ಮಾಡೆಲ್ ಬದಲಾಯಿಸ್ಬೇಕಾ?
— ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಮಾಡೆಲ್ ಆಮೇಲೆ ನೋಡೋಣ, ಮೊದಲು ಟೂಲ್‌ಗಳಿಗೆ ನೀವು ಬರೆದಿರೋ ಡಿಸ್ಕ್ರಿಪ್ಷನ್, ಅಂದ್ರೆ ವಿವರ, ಒಂದ್ಸಲ ಓದಿ. ನೀವು ಪ್ರಶ್ನೆ ಜೊತೆ ಕಳಿಸಿದ್ರಲ್ಲಿ ಒಂದು ಟೂಲ್ ಹೆಸರು 'ಗೆಟ್ ಡೇಟಾ', ವಿವರ 'ಮಂಡಿ ಡೇಟಾ ತರುತ್ತೆ'. ಇನ್ನೊಂದು 'ಗೆಟ್ ಇನ್ಫೋ', ವಿವರ 'ಮಾಹಿತಿ ಕೊಡುತ್ತೆ'. ಮಾರಾಯ್ರೆ, ಇದ್ರಲ್ಲಿ ದರ ಯಾವುದು ಸ್ಟಾಕ್ ಯಾವುದು ಅಂತ ಯಾರಿಗೆ ಗೊತ್ತಾಗ್ಬೇಕು?

ಎಂಸಿಪಿ ಅಂದ್ರೆ ಎಐ ಕಂಪನಿ ಆಂಥ್ರೊಪಿಕ್‌ನವರು 2024ರ ನವೆಂಬರ್‌ನಲ್ಲಿ ಹೊರಗೆ ಬಿಟ್ಟ, ಎಐಗೂ ಬೇರೆ ಸಾಫ್ಟ್‌ವೇರ್‌ಗೂ ಕೊಂಡಿ ಹಾಕೋ ಪ್ರೋಟೊಕಾಲ್, ಅದ್ರಲ್ಲಿ ಟೂಲ್ ಆಯ್ಕೆ ಮಾಡೋಕೆ ಮಾಡೆಲ್ ಕೈಗೆ ಸಿಗೋದು ಮುಖ್ಯವಾಗಿ ಮೂರೇ: ಟೂಲ್ ಹೆಸರು, ವಿವರ, ಇನ್‌ಪುಟ್ ಸ್ಕೀಮಾ (ಯಾವ ಮಾಹಿತಿ ಯಾವ ರೂಪದಲ್ಲಿ ಕೊಡ್ಬೇಕು ಅನ್ನೋ ಪಟ್ಟಿ). ಒಳಗಿರೋ ನಿಮ್ಮ ಕೋಡ್ ಅದಕ್ಕೆ ಕಾಣಲ್ಲ. ಮಂಡಿಗೆ ಹೊಸದಾಗಿ ಸೇರಿದ ಗುಮಾಸ್ತ ಆದ್ರೆ ಗೊತ್ತಾಗ್ದಿದ್ರೆ ಪಕ್ಕದವರನ್ನ ಕೇಳ್ತಾನೆ, ಏಜೆಂಟ್ ಎಷ್ಟೋ ಸಲ ಕೇಳೋದೇ ಇಲ್ಲ, ಊಹೆ ಮಾಡಿ ಮುಂದೆ ಹೋಗ್ಬಿಡುತ್ತೆ. ಹಂಗಾಗಿ ನಿಮ್ಮ ತಲೆಯಲ್ಲಿರೋದೆಲ್ಲ ಆ ನಾಲ್ಕು ಸಾಲಿಗೆ ಇಳೀಬೇಕು. ಹೀಗೆ ಬರೆದು ನೋಡಿ:

'ಒಂದು ಮಾರುಕಟ್ಟೆಯ ಒಂದು ದಿನದ ಅಡಿಕೆ ದರ ಕೊಡುತ್ತೆ. ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚು ವ್ಯಾಪಾರ ಆದ ದರ), ಮೂರೂ ಕ್ವಿಂಟಾಲ್‌ಗೆ ರೂಪಾಯಿಯಲ್ಲಿ. ಗೋಡೌನ್ ಸ್ಟಾಕ್‌ಗೆ, ರೈತರ ಬಾಕಿಗೆ ಇದನ್ನ ಬಳಸಬೇಡ, ಅದಕ್ಕೆ ಬೇರೆ ಟೂಲ್ ಇದೆ. ಆ ದಿನ ವ್ಯಾಪಾರ ಆಗದಿದ್ರೆ ಖಾಲಿ ಪಟ್ಟಿ ಬರುತ್ತೆ, ದರ ಸೊನ್ನೆ ಅಂತ ಅರ್ಥ ಅಲ್ಲ.'

ಆ 'ಬಳಸಬೇಡ' ಅನ್ನೋ ಸಾಲೇ ಜಾಸ್ತಿ ಕೆಲಸ ಮಾಡೋದು, ಜನ ಬರೆಯೋದೇ ಇಲ್ಲ ಅದನ್ನ. 'ತೂಕ' ಅನ್ನೋ ಪ್ಯಾರಾಮೀಟರ್ ಹೆಸರನ್ನೂ 'ತೂಕ_ಕೆಜಿ' ಅಂತ ಮಾಡಿ, ಅರ್ಧ ತಲೆನೋವು ಅಲ್ಲೇ ಹೋಗುತ್ತೆ. ದಿನಾಂಕ 03-04-2025 ಅಂದ್ರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4, ಅದಕ್ಕೆ ವರ್ಷ-ತಿಂಗಳು-ದಿನ ಅಂತ ಫಾರ್ಮ್ಯಾಟ್ ಬರೆದು 2025-04-03 ಅಂತ ಉದಾಹರಣೆನೂ ಕೊಡಿ. ಗ್ರೇಡ್ ಇದ್ಯಲ್ಲ, ಅದನ್ನ ಸುಮ್ನೆ ಟೆಕ್ಸ್ಟ್ ಅಂತ ಬಿಡಬೇಡಿ, ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಸ್ಕೀಮಾದಲ್ಲೇ ಪಟ್ಟಿ ಹಾಕಿ. ನಾಳೆ ಸಾಗರದ ಮಾರುಕಟ್ಟೆನೂ ಸೇರಿಸ್ತೀರಾದ್ರೆ ಅಲ್ಲಿ ಚಾಲಿ, ಕೋಕ, ಕೆಂಪುಗೋಟು, ಬಿಳಿಗೋಟು ಎಲ್ಲಾ ಬರುತ್ತೆ, ಯಾವ ಮಾರುಕಟ್ಟೆಗೆ ಯಾವ ಗ್ರೇಡ್ ಅಂತನೂ ಹೇಳ್ಬೇಕು.

ಎರರ್ ಮೆಸೇಜನ್ನೂ ಏಜೆಂಟ್ ಓದುತ್ತೆ, ಮರೀಬೇಡಿ. ಬರೀ 'ಎರರ್ 400' ಅಂದ್ರೆ ಅದೇ ತಪ್ಪನ್ನ ಮತ್ತೆ ಕಳಿಸುತ್ತೆ. 'ರಾಸಿ ಅನ್ನೋ ಗ್ರೇಡ್ ಇಲ್ಲ, ಇರೋದು ಇವು' ಅಂತ ಪಟ್ಟಿ ಕೊಟ್ರೆ ಮುಂದಿನ ಸಲ ತಾನೇ ಸರಿ ಮಾಡ್ಕೊಳ್ಳುತ್ತೆ.

ನನಗೆ ಭಯ ಇರೋದು ಬಿಲ್ ಟೂಲ್ ಬಗ್ಗೆ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್ ಹೆಂಗಿರುತ್ತೆ ಅಂತ ನಿಮಗೇ ಗೊತ್ತು, ಬಿಲ್ ಆಗಿರುತ್ತೆ ಆದ್ರೆ ಉತ್ತರ ವಾಪಸ್ ಬರೋದ್ರೊಳಗೆ ಕನೆಕ್ಷನ್ ಹೋಗುತ್ತೆ, ಏಜೆಂಟ್ ಆಗಿಲ್ಲ ಅಂದ್ಕೊಂಡು ಇನ್ನೊಂದ್ಸಲ ಕರೆಯುತ್ತೆ, ರೈತನ ಹೆಸರಲ್ಲಿ ಎರಡು ಬಿಲ್. ಪ್ರತಿ ಬಿಲ್‌ಗೂ ಒಂದು ರೆಫರೆನ್ಸ್ ನಂಬರ್ ಕೇಳಿ, ಅದೇ ನಂಬರ್ ಮತ್ತೆ ಬಂದ್ರೆ ಹಳೇ ಬಿಲ್ಲನ್ನೇ ಕೊಡೋ ಹಂಗೆ ಕೋಡ್ ಮಾಡಿ, ಅದನ್ನ ವಿವರದಲ್ಲೂ ಬರೀರಿ. ಎಂಸಿಪಿಯಲ್ಲಿ 'ಈ ಟೂಲ್ ಡೇಟಾ ಅಳಿಸಬಹುದು' ಅಂತ ಗುರುತು ಹಾಕೋಕೆ ಅವಕಾಶ ಇದೆ, ಆದ್ರೆ ಅದು ಸುಳಿವು ಅಷ್ಟೇ, ತಡೆಯೋ ಕೆಲಸ ನಿಮ್ಮ ಕೋಡೇ ಮಾಡ್ಬೇಕು.

ಪ್ರಶ್ನೆ: ನಮ್ಮ ಸಾಫ್ಟ್‌ವೇರ್‌ಗೆ ದಪ್ಪ ಪಿಡಿಎಫ್ ಮ್ಯಾನುಯಲ್ ಇದೆ. ಅದನ್ನೇ ಏಜೆಂಟ್‌ಗೆ ಕೊಟ್ರೆ ಆಗಲ್ವಾ?
— ಓದುಗರು, ಸಾಗರ

ಉತ್ತರ: ಕೊಡ್ಬಹುದು, ಪ್ರಯೋಜನ ಕಮ್ಮಿ. ಅಂಥ ಮ್ಯಾನುಯಲ್‌ನಲ್ಲಿ ಇರೋದೆಲ್ಲ 'ಕೆಳಗಿನ ಚಿತ್ರ ನೋಡಿ, ಬಲಗಡೆ ಹಸಿರು ಬಟನ್ ಒತ್ತಿ' ಅಂತ. ಟೂಲ್ ಕರೆಯೋ ಏಜೆಂಟ್‌ಗೆ ಯಾವ ಬಟನ್ನು? ಅಗತ್ಯ ಇರೋದನ್ನ ಮಾರ್ಕ್‌ಡೌನ್ ಅನ್ನೋ ಸರಳ ಟೆಕ್ಸ್ಟ್ ರೂಪಕ್ಕೆ ಇಳಿಸಿ. ಒಂದೊಂದು ಭಾಗನೂ ತಾನೇ ಪೂರ್ತಿ ಅರ್ಥ ಆಗೋ ಹಂಗಿರಲಿ, ಯಾಕಂದ್ರೆ ಹುಡುಕಿದಾಗ ಏಜೆಂಟ್ ಕೈಗೆ ನಡುವಿನ ಒಂದು ತುಂಡು ಮಾತ್ರ ಸಿಗಬಹುದು, 'ಮೇಲೆ ಹೇಳಿದಂತೆ' ಅಂದ್ರೆ ಮೇಲೆ ಎಂತ ಇತ್ತು ಅಂತ ಅದಕ್ಕೆ ಗೊತ್ತಿರಲ್ಲ. ವೆಬ್‌ಸೈಟ್ ಇದ್ರೆ 'ಎಲ್ಎಲ್ಎಂಎಸ್ ಡಾಟ್ ಟಿಎಕ್ಸ್‌ಟಿ' (llms.txt) ಅಂತ ಒಂದು ಫೈಲ್ ಇಟ್ಟು ಮುಖ್ಯ ಪುಟಗಳ ಲಿಂಕ್ ಕೊಡೋ ಪದ್ಧತಿ ಇದೆ, ಎಐ ಸಂಶೋಧಕ ಜೆರೆಮಿ ಹೊವಾರ್ಡ್ 2024ರಲ್ಲಿ ಮುಂದಿಟ್ಟಿದ್ದು. ಎಲ್ಲಾ ಏಜೆಂಟೂ ಅದನ್ನ ನೋಡುತ್ತೆ ಅಂತ ನಂಬಿ ಕೂರಬೇಡಿ.

ಪ್ರಶ್ನೆ: ಟೂಲ್ ವಿವರ ಕನ್ನಡದಲ್ಲಿ ಬರೆದ್ರೆ ನಡೆಯುತ್ತಾ ಸರ್?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಡೆಯುತ್ತಮ್ಮಾ. ಆದ್ರೆ ಈಗಿನ ಹೆಚ್ಚಿನ ಮಾಡೆಲ್‌ಗಳಲ್ಲಿ ಅದೇ ವಿಷಯಕ್ಕೆ ಇಂಗ್ಲಿಷ್‌ಗಿಂತ ಕನ್ನಡಕ್ಕೆ ಜಾಸ್ತಿ ಟೋಕನ್ (ಮಾಡೆಲ್ ಬರಹವನ್ನ ಒಡೆದು ಓದೋ ತುಂಡುಗಳು) ಹೋಗುತ್ತೆ, ಅಂದ್ರೆ ಖರ್ಚೂ ಜಾಸ್ತಿ. ನಾನಾದ್ರೆ ವಿವರ ಇಂಗ್ಲಿಷ್‌ನಲ್ಲೇ ಇಟ್ಟು, ರೈತರು ಬಾಯಲ್ಲಿ ಹೇಳೋ ಹೆಸರುಗಳನ್ನ ಮಾತ್ರ ಕನ್ನಡದಲ್ಲೂ ಸೇರಿಸ್ತೀನಿ. ಆಮೇಲೆ ಮಂಡಿಗೆ ಬರೋರು ನಿಜವಾಗಿ ಕೇಳೋ ಹತ್ತಿಪ್ಪತ್ತು ಪ್ರಶ್ನೆ ಬರ್ಕೊಂಡು ಬಂದು ಓಡಿಸಿ, ಯಾವ ಪ್ರಶ್ನೆಗೆ ಯಾವ ಟೂಲ್ ಕರೀತು ಅಂತ ಲಾಗ್ ನೋಡು. ತಪ್ಪಿದ ಕಡೆ ವಿವರ ತಿದ್ದಿ ಪೂರ್ತಿ ಪಟ್ಟಿನೇ ಮತ್ತೆ ಓಡಿಸು, ಒಂದು ಸರಿ ಮಾಡೋಕೆ ಹೋಗಿ ಇನ್ನೊಂದು ಕೆಡೋದು ಇದ್ರಲ್ಲಿ ಮಾಮೂಲು.