ನೀವು ಕಾಟು ಹಾಕಿದ ವಾಕ್ಯವೇ ನನಗೆ ಬೇಕು

ನಮಸ್ಕಾರ.

ನಿಮ್ಮ ‘ನಗಿಸಿ ಹೋದ ಮಾವ’ ಹಸ್ತಪ್ರತಿ ಕೈಸೇರಿ ಮೂರು ವಾರವಾಯಿತು. ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಕೈಬಿಡಲು ಮನಸ್ಸೂ ಬರುತ್ತಿಲ್ಲ. ಅದಕ್ಕೇ ಎರಡು ಸಾಲಿನ ವಿಷಾದಪತ್ರ ಕಳಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಂಡು ಮೂವತ್ತೆರಡು ವರ್ಷ ಔಷಧ ಕಂಪನಿಯ ಪ್ರತಿನಿಧಿಯಾಗಿ ಊರೂರು ತಿರುಗಿದ ಸೋದರಮಾವನ ನೆನಪು ನಿಮ್ಮ ವಸ್ತು. 1972ರಲ್ಲಿ ಕೆಲಸಕ್ಕೆ ಸೇರಿದರು, 2004ರಲ್ಲಿ ನಿವೃತ್ತರಾದರು, ಹೋದ ವರ್ಷ ತೀರಿಕೊಂಡರು. ಮದುವೆ ಮನೆಯಲ್ಲಿ ಇಸ್ಪೀಟಿಗೆ ಜಮಖಾನೆ ಹಾಸುತ್ತಿದ್ದವರು ಅವರೇ, ಮುನಿಸಿಕೊಂಡ ಬೀಗರನ್ನು ಊಟದ ಪಂಕ್ತಿಗೆ ಕರೆತರುತ್ತಿದ್ದವರು ಅವರೇ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರ ಊರು, ಬೆಳೆ, ಮಗಳ ಮದುವೆಯ ಸಾಲ ಎಲ್ಲವೂ ಹತ್ತು ಮೈಲಿಯೊಳಗೆ ಅವರಿಗೆ ಗೊತ್ತಾಗುತ್ತಿತ್ತು. ಇಂಥ ಮಾವನ ಬಗ್ಗೆ ಬರೆಯದೆ ಇರಲು ನಿಮಗೆ ಸಾಧ್ಯವಾಗಲಿಲ್ಲ ಎಂಬುದು ಪ್ರತಿ ಪುಟದಲ್ಲೂ ಕಾಣುತ್ತದೆ.

ಆದರೆ ಮೊದಲ ಪುಟದಲ್ಲೇ ‘ಸ್ನೇಹಜೀವಿ’, ‘ಹಸನ್ಮುಖಿ’, ‘ಅಜಾತಶತ್ರು’ ಎಂಬ ಪದಗಳು ಸಾಲಾಗಿ ನಿಂತಿವೆ. ವೈಕುಂಠ ಸಮಾರಾಧನೆಯ ಕಾರ್ಡಿನಲ್ಲಿ ಅಚ್ಚಾಗುವ ಪದಗಳು ಇವು. ಯಾರ ಭಾವಚಿತ್ರದ ಕೆಳಗೆ ಇಟ್ಟರೂ ಹೊಂದುತ್ತವೆ, ಆದ್ದರಿಂದಲೇ ನಿಮ್ಮ ಮಾವನಿಗೆ ಹೊಂದುವುದಿಲ್ಲ. ಎಲ್ಲವನ್ನೂ ತೆಗೆದುಬಿಡಿ. ಮೂರನೆಯ ಪುಟದಲ್ಲಿ ‘ಟೂರಿನಿಂದ ಬರುವಾಗ ಮಾವ ತಪ್ಪದೆ ತಿಂಡಿ ತರುತ್ತಿದ್ದರು’ ಎಂದಿದ್ದೀರಿ. ಯಾವ ತಿಂಡಿ? ಗೋಕಾಕದಿಂದ ಬಂದರೆ ಕರದಂಟು, ಬೆಳಗಾವಿಯಿಂದ ಬಂದರೆ ಕುಂದಾ, ಸವಣೂರಿನ ಕಡೆಯಿಂದ ಬಂದರೆ ಖಾರ. ಮಾವ ಆ ವಾರ ಯಾವ ದಿಕ್ಕಿಗೆ ಹೋಗಿದ್ದರೆಂಬುದು ಮಕ್ಕಳಿಗೆ ಪೊಟ್ಟಣ ಬಿಚ್ಚುವ ಮೊದಲೇ ಮೂಗಿಗೆ ತಿಳಿಯುತ್ತಿದ್ದಿರಬೇಕು. ನಾನು ಊಹಿಸಿ ಬರೆದದ್ದನ್ನು ನೀವು ಹಾಗೆಯೇ ಇಳಿಸಿಕೊಳ್ಳಬೇಡಿ. ನಿಮಗೆ ನೆನಪಿರುವುದನ್ನು ಬರೆಯಿರಿ. ಒಂದೇ ತಿಂಡಿ ನೆನಪಿದ್ದರೆ ಒಂದೇ ಸಾಕು.

ಇನ್ನು ತಪ್ಪುಗಳು. 1984ರಲ್ಲಿ ಮಾವ ‘ದಾವಣಗೆರೆ ಜಿಲ್ಲೆಯನ್ನೆಲ್ಲ ವಾಯವ್ಯ ಸಾರಿಗೆಯ ಬಸ್ಸಿನಲ್ಲಿ’ ಸುತ್ತಿದರು ಎಂದು ಬರೆದಿದ್ದೀರಿ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಗದಗ, ಹಾವೇರಿಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಈ ಮೂರೂ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ವಾಯವ್ಯ ಸಾರಿಗೆ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಇವು ತಿದ್ದಿದರೆ ಮುಗಿಯುವ ತಪ್ಪುಗಳು. ಇನ್ನೊಂದು ಹಾಗಲ್ಲ. 1979ರಲ್ಲಿ ಮಾವ ರಾತ್ರಿ ರಾತ್ರಿ ಎಸ್‌ಟಿಡಿ ಬೂತಿನಿಂದ ಅತ್ತೆಗೆ ಫೋನು ಮಾಡಿ ನಗಿಸುತ್ತಿದ್ದರು ಎಂಬ ಪ್ರಸಂಗವಿದೆ. ಆ ಬೂತುಗಳು ನಮ್ಮ ಕಡೆಯ ಊರುಗಳಿಗೆ ಬಂದದ್ದು ಎಂಬತ್ತರ ದಶಕದ ಕೊನೆಯ ಹೊತ್ತಿಗೆ. ಅದಕ್ಕೆ ಮೊದಲು ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು, ಅದೂ ಆ ಕಡೆ ಯಾರದಾದರೂ ಮನೆಯಲ್ಲಿ ಫೋನಿದ್ದರೆ. ಅಂದರೆ ಮಾವ ಹತ್ತು ದಿನ ಹೊರಗಿದ್ದರೆ ಅತ್ತೆಗೆ ಹತ್ತು ದಿನವೂ ಅವರ ದನಿ ಕೇಳುತ್ತಿರಲಿಲ್ಲ. ಒಂದು ಇನ್‌ಲ್ಯಾಂಡ್ ಪತ್ರ ಬಂದಿದ್ದರೆ ಬಂತು. ಲೋಕವನ್ನೆಲ್ಲ ಮಾತನಾಡಿಸಿದವರ ಮನೆಯಲ್ಲಿ ಅವರ ಮಾತಿಗೇ ಬರವಿತ್ತು. ಎಂದೋ ಆಮೇಲೆ ಬಂದ ಫೋನನ್ನು ಹಿಂದಕ್ಕೆ ತಂದು ನೀವು ಆ ಹತ್ತು ದಿನಗಳನ್ನು ಅಳಿಸಿಬಿಟ್ಟಿದ್ದೀರಿ.

ಈಗ ಏಳನೆಯ ಪುಟಕ್ಕೆ ಬರುತ್ತೇನೆ. ಅಲ್ಲಿ ಒಂದು ವಾಕ್ಯ ಬರೆದು ಕಾಟು ಹಾಕಿದ್ದೀರಿ. ಶಾಯಿ ತೆಳುವಾಗಿದ್ದರಿಂದ ಓದಲು ಸಿಕ್ಕಿತು: ‘ಟೂರಿನಿಂದ ಬಂದ ಶನಿವಾರ ರಾತ್ರಿ ಮಾವನಿಗೆ ಮಾತೇ ಬೇಡವಾಗಿರುತ್ತಿತ್ತು ಎಂದು ಅತ್ತೆ ಹೇಳುತ್ತಾರೆ, ಭಾನುವಾರ ನಾವೆಲ್ಲ ಅವರ ಮನೆಗೆ ಹೋದ ಮೇಲೆಯೇ ಅವರು ಬಾಯಿ ಬಿಡುತ್ತಿದ್ದುದಂತೆ.’

ಹನ್ನೊಂದು ಪುಟಗಳಲ್ಲಿ ನಾನು ತಡೆದು ನಿಂತ ಜಾಗ ಇದೊಂದೇ. ಇದನ್ನು ಏಕೆ ಹೊಡೆದುಹಾಕಿದಿರಿ? ಮಾವನಿಗೆ ಅಪಚಾರವಾದೀತೆಂದು ಹೆದರಿದಿರಿ ಎಂದುಕೊಂಡಿದ್ದೇನೆ. ನಗು ಅವರ ಸ್ವಭಾವವಾಗಿರಲಿಲ್ಲ, ಬರಿಯ ಕಸುಬಾಗಿತ್ತು ಎಂದು ಓದುಗರು ತಿಳಿದಾರೆಂಬ ಭಯ.

ನನ್ನ ತಂದೆಗೆ ರಾಣೆಬೆನ್ನೂರಿನಲ್ಲಿ ಸಣ್ಣ ಔಷಧ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕ ನನಗೊಂದು ಸ್ಟೂಲು. ನಿಮ್ಮ ಮಾವನಂಥವರನ್ನು ನಾನು ಕೌಂಟರಿನ ಈ ಕಡೆಯಿಂದ ನೋಡಿ ಬೆಳೆದವನು. ಎದುರಿನ ದವಾಖಾನೆಯಲ್ಲಿ ಕೆಮ್ಮುವ, ನರಳುವ ರೋಗಿಗಳ ನಡುವೆ ಕತ್ತಿಗೆ ಟೈ ಕಟ್ಟಿಕೊಂಡು ಎರಡು ಗಂಟೆ ಕಾಯುತ್ತಿದ್ದರು. ಒಳಗೆ ಸಿಗುತ್ತಿದ್ದುದು ಎರಡು ನಿಮಿಷ. ಅಷ್ಟರಲ್ಲಿ ನಮಸ್ಕಾರ, ಕುಶಲ, ಮೂರು ಔಷಧಗಳ ಹೆಸರು, ಸ್ಯಾಂಪಲ್ಲು, ಒಂದು ನಗು ಎಲ್ಲ ಮುಗಿಯಬೇಕು. ಅಲ್ಲಿಂದ ನಮ್ಮ ಅಂಗಡಿಗೆ ಬಂದು, ಡಾಕ್ಟರು ಚೀಟಿ ಬರೆಯುತ್ತಿದ್ದಾರೋ ಇಲ್ಲವೋ, ಸ್ಟಾಕಿಸ್ಟ್ ಮಾಲು ಕಳಿಸಿದನೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಒಬ್ಬರು ಒಳಗೆ ಬರುವ ಮೊದಲು ಕಟ್ಟೆಯ ಮೇಲೆ ಚೀಲ ಇಟ್ಟು, ಕರವಸ್ತ್ರದಿಂದ ಬೂಟಿನ ಧೂಳು ಒರೆಸಿ, ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಮೆಟ್ಟಿಲು ಹತ್ತಿ ‘ಏನು ಸಾಹುಕಾರರೇ!’ ಎಂದರೆ ನನ್ನ ತಂದೆಯ ಮುಖ ಅರಳುತ್ತಿತ್ತು. ಅವರು ಬಂದ ದಿನ ಅಂಗಡಿಗೆ ಹಬ್ಬದ ಕಳೆ. ಆ ಸಂತೋಷ ಸುಳ್ಳಾಗಿರಲಿಲ್ಲ. ಕಟ್ಟೆಯ ಮೇಲಿನ ದಣಿವೂ ಸುಳ್ಳಾಗಿರಲಿಲ್ಲ. ಎರಡನ್ನೂ ಕಂಡದ್ದರಿಂದಲೇ ಆ ಮನುಷ್ಯ ನನಗೆ ಇವತ್ತಿಗೂ ನೆನಪಿದ್ದಾರೆ. ಬರಿಯ ನಗೆಯನ್ನಷ್ಟೇ ತಂದು ಹೋದವರ ಮುಖಗಳು ಒಂದೂ ಉಳಿದಿಲ್ಲ.

ಆದ್ದರಿಂದ ಶನಿವಾರದ ರಾತ್ರಿ ಬರಲಿ. ಭಾನುವಾರದ ಇಸ್ಪೀಟಾಟವೂ ಬರಲಿ. ಎರಡರ ನಡುವೆ ನೀವು ವಿವರಣೆ ಕೊಡಲು ಹೋಗಬೇಡಿ. ‘ಹೊರಗೆ ನಗುತ್ತಿದ್ದರೂ ಒಳಗೆ ನೋವಿತ್ತು’ ಎಂಬ ಸಾಲನ್ನು ಮಾತ್ರ ದಯವಿಟ್ಟು ಬರೆಯಬೇಡಿ. ಅದು ಅಜಾತಶತ್ರುವಿನ ತಮ್ಮ.

ಕೆಲಸದ ವಿವರ ನಿಮ್ಮಲ್ಲಿ ತೀರಾ ಕಡಿಮೆ. ಮೂವತ್ತೆರಡು ವರ್ಷದ ದುಡಿಮೆಗೆ ನೀವು ಕೊಟ್ಟಿರುವುದು ಅರ್ಧ ಪುಟ. ಪ್ರತಿ ರಾತ್ರಿ ಲಾಡ್ಜಿನಲ್ಲಿ ಕುಳಿತು ಆ ದಿನ ಯಾವ ಯಾವ ಡಾಕ್ಟರನ್ನು ಕಂಡೆ ಎಂದು ಕಂಪನಿಗೆ ವರದಿ ಬರೆಯಬೇಕಿತ್ತು. ಮಾರ್ಚ್ ಬಂದರೆ ಟಾರ್ಗೆಟ್ಟಿನ ತಲೆನೋವು. ಸಂಘದ ಸಭೆಗೆ ಹೋಗುತ್ತಿದ್ದರು ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಮಾರಾಟ ಪ್ರತಿನಿಧಿಗಳ ಸೇವಾ ಷರತ್ತಿನ ಕಾಯ್ದೆ ಬಂದದ್ದು 1976ರಲ್ಲಿ. ನೇಮಕಾತಿ ಪತ್ರ, ರಜೆ ಇವು ಕಾನೂನಿನ ಹಕ್ಕಾದದ್ದು ಆ ಕಾಯ್ದೆಯಿಂದ. ನಿಮ್ಮ ಮಾವ ಅದಕ್ಕೆ ಮೊದಲೇ ನಾಲ್ಕು ವರ್ಷ ದುಡಿದವರು. ಆ ನಾಲ್ಕು ವರ್ಷ ಅವರು ಹೇಗೆ ರಜೆ ಪಡೆಯುತ್ತಿದ್ದರು, ಮೊದಲ ಮಗು ಹುಟ್ಟಿದಾಗ ಎಲ್ಲಿದ್ದರು, ಅತ್ತೆಯನ್ನು ಕೇಳಿ. ಅತ್ತೆಗೆ ಈಗ ಎಪ್ಪತ್ತೆಂಟು ಎಂದು ನೀವೇ ಬರೆದಿದ್ದೀರಿ. ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬೇಡಿ, ಈ ವಾರವೇ ಹೋಗಿ. ಮಾವನ ಬಗ್ಗೆ ಹೇಳಿ ಎಂದರೆ ಅವರೂ ‘ಬಹಳ ಒಳ್ಳೆಯವರು’ ಎಂದುಬಿಡುತ್ತಾರೆ. ಚೀಲದಲ್ಲಿ ಏನೇನು ತುಂಬಿಸಿ ಕಳಿಸುತ್ತಿದ್ದಿರಿ ಎಂದು ಕೇಳಿ. ಎಷ್ಟು ಜೊತೆ ಬಟ್ಟೆ, ಯಾರು ಇಸ್ತ್ರಿ ಮಾಡುತ್ತಿದ್ದರು, ಉಳಿದ ಸ್ಯಾಂಪಲ್ ಟಾನಿಕ್ಕನ್ನು ಓಣಿಯಲ್ಲಿ ಯಾರಿಗೆ ಕೊಡುತ್ತಿದ್ದರು ಎಂದು ಕೇಳಿ.

ಕೊನೆಯ ಎರಡು ಪುಟಗಳಲ್ಲಿ ಸಾವು, ಜನಸಾಗರ, ‘ಮಾವ, ಮತ್ತೆ ಹುಟ್ಟಿ ಬಾ’ ಎಂಬ ಕರೆ ಇವೆ. ಅವು ಬೇಡ. ಅಷ್ಟು ಜಾಗ ಅತ್ತೆಗೆ ಸಿಗಲಿ.

ಹಸ್ತಪ್ರತಿಯನ್ನು ಇದರ ಜೊತೆ ಹಿಂದಿರುಗಿಸುತ್ತಿದ್ದೇನೆ. ಏಳನೆಯ ಪುಟದಲ್ಲಿ ಆ ವಾಕ್ಯದ ಕೆಳಗೆ ಪೆನ್ಸಿಲ್ಲಿನಿಂದ ಚುಕ್ಕೆ ಇಟ್ಟಿದ್ದೇನೆ. ಕಾಟು ಹಾಕಿದ್ದನ್ನು ಉಳಿಸಿಕೊಳ್ಳಿ ಎಂದು ಅಚ್ಚುಕೂಟದಲ್ಲಿ ಹೇಳುವುದು ಹಾಗೆಯೇ. ಹೊಸ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ.