ನಮ್ಮ ಬಡಾವಣೆಯಲ್ಲಿ ಕೂಲಿಯವರೇ ಜಾಸ್ತಿ, ಅಂಗನವಾಡಿ ಇಲ್ಲ. ಬೇಕು ಅಂತ ಕೇಳಬಹುದಾ?

ಖಂಡಿತ ಕೇಳಬಹುದು. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಬೇಡಿಕೆ ಕೊಟ್ಟ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು ಎಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲೇ ಆದೇಶ ಕೊಟ್ಟಿದೆ. ಇದು ಹಳ್ಳಿಗೂ ಅನ್ವಯ, ಕೊಳೆಗೇರಿಗೂ ಅನ್ವಯ.

ಜನ ಎಡವುವುದು ಎಣಿಕೆಯಲ್ಲಿ. ಅಂಗನವಾಡಿ ಅಂದರೆ ಮೂರು ವರ್ಷ ದಾಟಿದ ಮಕ್ಕಳು ಕೂತು ಹಾಡು ಹೇಳುವ ಜಾಗ ಅಂತಷ್ಟೇ ಅಂದುಕೊಂಡು ಕೈಗೂಸುಗಳನ್ನು ಬಿಟ್ಟುಬಿಡುತ್ತಾರೆ. ಆದರೆ ಆರು ತಿಂಗಳು ತುಂಬಿದ ಕೂಸಿಗೆ ಮನೆಗೆ ಕೊಡುವ ಆಹಾರ, ತೂಕ ನೋಡುವುದು, ಬಸುರಿ ಬಾಣಂತಿಯರ ಊಟ ಎಲ್ಲವೂ ಅಲ್ಲಿಂದಲೇ ಬರಬೇಕು. ಅದೂ ಸರಿಯಾದ ಹೊತ್ತಿಗೆ. ಮೊದಲ ಎರಡು ವರ್ಷದಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಆಮೇಲೆ ಸರಿಪಡಿಸುವುದು ತುಂಬಾ ಕಷ್ಟ.

ಹಾಗಾಗಿ ಮನೆ ಮನೆಗೆ ಹೋಗಿ ಪಟ್ಟಿ ಮಾಡಿ. ಮಗುವಿನ ಹೆಸರು, ಹುಟ್ಟಿದ ತಿಂಗಳು, ತಾಯಿಯ ಹೆಸರು ಇರಲಿ. ಕತ್ತಲಾದ ಮೇಲೆ ಹೋಗಿ, ಹಗಲಲ್ಲಿ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಅಲ್ವಾ? ಬಿಪಿಎಲ್ ಕಾರ್ಡ್ ಇಲ್ಲದವರನ್ನೂ ಸೇರಿಸಿ. ಅದನ್ನು ಅರ್ಹತೆಯ ಷರತ್ತು ಮಾಡುವಂತಿಲ್ಲ ಎಂದು ಇದೇ ಕೋರ್ಟ್ 2004ರಲ್ಲಿ ಹೇಳಿದೆ. ಪಟ್ಟಿಯ ಜೊತೆ ಅರ್ಜಿಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಕೊಟ್ಟು, ನಿಮ್ಮ ನಕಲಿನ ಮೇಲೆ ದಿನಾಂಕ ಸಮೇತ ಸೀಲು ಹಾಕಿಸಿಕೊಳ್ಳಿ. ಸುಮ್ನೆ ಬಾಯಿಮಾತಲ್ಲಿ ಕೇಳಿ ಬಂದರೆ ಮೂರು ತಿಂಗಳನ್ನು ಯಾವತ್ತಿನಿಂದ ಲೆಕ್ಕ ಹಾಕುವುದು ಅಂತ ತೋರಿಸಲು ಏನೂ ಇರುವುದಿಲ್ಲ.